ಟೋಪಿಯ ಕಡ್ಡಿ ಬಗ್ಗಿಸಿದವಳು

ರೀ, ನಿಮ್ಮ ಟೋಪಿಯ ಆ ಕಡ್ಡಿಯನ್ನು ದಿನಾ ಬಗ್ಗಿಸುತ್ತಿದ್ದವಳು ನಾನು. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ಮೂರು ವರ್ಷದಿಂದ ಇದನ್ನು ನುಂಗಿಕೊಂಡಿದ್ದೇನೆ — ಎದುರಿಗೆ ಕೂತು ಹೇಳಲಾಗದೆ ಬರೆಯುತ್ತಿದ್ದೇನೆ.

ನನ್ನ ತಂಗಿಯ ಗಂಡ ಕೊಟ್ಟ, ಬೆಂಕಿಪೊಟ್ಟಣದಷ್ಟು ಚಿಕ್ಕ ಕ್ಯಾಮೆರಾವನ್ನು ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡಿರಿ. ಏನು ಬರುತ್ತಿದೆ ಎಂದು ನೋಡಲು ಅದಕ್ಕೆ ಪರದೆಯೇ ಇಲ್ಲ. ಅದಕ್ಕೇ ಹಳೇ ಛತ್ರಿಯ ಕಡ್ಡಿಯೊಂದನ್ನು ಟೋಪಿಗೆ ಕಟ್ಟಿ, ತುದಿಯಲ್ಲಿ ತಂತಿಯ ಉಂಗುರ ಮಾಡಿ, ಬಲಗಣ್ಣಿನ ಮುಂದೆ ಬರುವ ಹಾಗೆ ಇಟ್ಟಿರಿ. ಉಂಗುರದೊಳಗೆ ಕಂಡದ್ದೇ ವಿಡಿಯೋದ ನಡುವೆ ಬರಬೇಕು. ಆ ತಂತಿಯನ್ನು ನನ್ನ ಬೆರಳಿಗೇ ಸುತ್ತಿ ಅಳತೆ ತೆಗೆದಿರಿ — "ಅಲ್ಲಾಡ್ಬ್ಯಾಡ ಕಣೆ, ಮದ್ವೇಲೂ ಹಿಂಗೇ ನಡುಗ್ತಿದ್ದೆ" ಅಂತ ನಗುತ್ತಾ.

ಸಂಜೆ ಗೋಡೆಯ ಮೇಲೆ ಸುಣ್ಣದ ಗುರುತು ಹಾಕಿ ಸರಿಮಾಡಿದರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ತಪ್ಪೀತಾದರೂ ಹೇಗೆ? ಕಾಫಿ ಗಿಡ ನೆಡುವ ಮೊದಲು, ಗುಡ್ಡದ ಇಳಿಜಾರಿನಲ್ಲಿ ಒಂದು ಕಣ್ಣು ಮುಚ್ಚಿ ಗೂಟದ ಸಾಲು ನೇರ ಮಾಡುವವರು ನೀವು. ಆಲೂರಿನಿಂದ ಮಾರನಹಳ್ಳಿವರೆಗೆ ಎಸ್ಟೇಟಿನವರು ನಿಮ್ಮನ್ನೇ ಕರೆಯುತ್ತಿದ್ದರು.

ಆದರೆ ಆ ಕ್ಯಾಮೆರಾದಲ್ಲಿ ನೀವು ಹಿಡಿಯಹೊರಟದ್ದು ತೋಟಕ್ಕೆ ಬರುವ ಆನೆಗಳನ್ನು. ಮೊದಲ ದಿನವೇ ಬಂದು, "ಇನ್ನತ್ತು ಹೆಜ್ಜೆ ಹೋಗಿದ್ರೆ ಕಿವಿ ಹರಿದಿರೋದೂ ಕಾಣ್ತಿತ್ತು" ಅಂದಿರಿ. ನಾನು ಕೈಯಲ್ಲಿದ್ದ ರೊಟ್ಟಿ ಹಿಟ್ಟು ತಟ್ಟುವುದನ್ನೇ ಮರೆತೆ. ಮಾರನೆಯ ಬೆಳಿಗ್ಗೆ, ನೀವು ಮುಖ ತೊಳೆಯುವಾಗ, ಕಡ್ಡಿಯನ್ನು ಒಂಚೂರು ಕೆಳಕ್ಕೆ ಬಗ್ಗಿಸಿದೆ. ಉಂಗುರ ಕೆಳಗಾದರೆ ಆನೆಯನ್ನು ಅದರೊಳಗೆ ತರಲು ನೀವು ತಲೆ ಎತ್ತಬೇಕು. ಕ್ಯಾಮೆರಾ ಮೇಲೆ ನೋಡುತ್ತದೆ. ಏನೂ ಸಿಗದಿದ್ದರೆ ಹೋಗುವುದನ್ನು ಬಿಡುತ್ತೀರಿ ಅಂದುಕೊಂಡೆ. ದಿನಾ ಸಂಜೆ ನೀವು ಸರಿಮಾಡಿದಿರಿ, ದಿನಾ ಬೆಳಿಗ್ಗೆ ನಾನು —

"ಮೇಸ್ತ್ರಿ, ಆನೆ ಬುಟ್ಟು ಸಿಲ್ವರ್ ಮರದ ತುದೀದು ಸಿನಿಮಾ ತೆಗ್ದಿದ್ದೀರಲ್ಲ ಮಾರಾಯ್ರೇ!" ಅಂತ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಿಡಿಯೋ ನೋಡಿ ನಕ್ಕರು. ಅಲ್ಲಿ ನೀವೂ ನಕ್ಕಿರಿ. ಮನೆಗೆ ಬಂದು ಟೋಪಿ ಬಿಚ್ಚಿಟ್ಟು, "ಗೋಡೆ ಮುಂದೆ ಸರಿಯಾಗೈತೆ, ತೋಟದಲ್ಲಿ ತಪ್ತದೆ. ಕಡ್ಡಿ ತಾನಾಗೇ ಬಗ್ತದಾ? ನನ್ ಕಣ್ಣೇ ಹೋಗ್ಬುಡ್ತು ಕಣೆ" ಅಂದಿರಿ.

ಆಗಲೇ ಹೇಳಬೇಕಿತ್ತು. ಸಕಲೇಶಪುರದ ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಅಂದಾಗಲಾದರೂ ಹೇಳಬಹುದಿತ್ತು — ಸಮಾಧಾನಕ್ಕೆ ಹೇಳ್ತಾರೆ ಅಂತ ನೀವು ನಂಬಲಿಲ್ಲ. ಪಕ್ಕದ ಕುರ್ಚಿಯಲ್ಲಿ ನಾನು ಸೆರಗಿನ ತುದಿ ಸುರುಳಿ ಸುತ್ತುತ್ತಾ ಕೂತಿದ್ದೆ. ಆನೆಯ ಹತ್ತಿರ ಹೋಗುವುದು ನಿಂತಿತು. ಗೂಟ ಹೊಡೆಯುವುದೂ ನಿಂತಿತು. ಎರಡನೆಯದು ನಾನು ಬಯಸಿದ್ದಲ್ಲ, ಆದರೆ ಕಂಡೂ ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ, ಹೊಸ ಗಿಡ ನೆಡಬೇಕು ಬನ್ನಿ ಅಂತ ರೈಟರ್ ಕರೆದರು. "ಬೇರೆಯವ್ರನ್ನ ನೋಡ್ಕಳಿ, ನನ್ನ ನಂಬಿ ಸಾಲು ಸೊಟ್ಟ ಮಾಡ್ಕಬ್ಯಾಡಿ" ಅಂದು ಫೋನಿಟ್ಟಿರಿ. ಆಮೇಲೆ ಅಂಗೈಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿಕೊಂಡಿರಿ. ನಾನು ಬಾಗಿಲಲ್ಲೇ ನಿಂತಿದ್ದೆ.

ನೆವ ಹೇಳುವುದಿಲ್ಲ. ಆನೆಯ ಭಯ ಈಗಲೂ ಇದೆ. ಇನ್ನು ಮೇಲೆ ಭಯವಾದರೆ ಬಾಯಿಬಿಟ್ಟು ಹೇಳುತ್ತೇನೆ, ಬೇಕಾದರೆ ಜಗಳ ಆಡುತ್ತೇನೆ. ಓದಿ ಮುಗಿಸಿ ಎಷ್ಟಾದರೂ ಬೈಯಿರಿ. ನಾಳೆ ರೈಟರಿಗೆ ನಾನೇ ಫೋನು ಮಾಡುತ್ತೇನೆ — ಮೊದಲು ನಾನು ಮಾಡಿದ್ದನ್ನು ಹೇಳುತ್ತೇನೆ, ಆಮೇಲೆ ಅವರು ನಿಮ್ಮನ್ನು ಕರೆಯಲಿ.