ಮರ್ಸಿಗೆ ಹಾಕಿದ ಸೂಜಿ

ಓಟಕ್ಕೆ ಎರಡು ದಿನ ಮೊದಲು ಮರ್ಸಿಯ ಮೈಗೆ ಸ್ಟೆರಾಯ್ಡ್ ಸೇರಿಸಿದವನು ನಾನು. ಅವಳ ಅಣ್ಣನಲ್ಲ. ಆರು ವರ್ಷ ಬಾಯಿ ಬಿಡದೆ ಇಟ್ಟುಕೊಂಡ ಮಾತು ಇಷ್ಟೇ — ಬರೆಯಲು ಎರಡು ಸಾಲು ಸಾಕಾಯಿತು.

ನೈರೋಬಿಯ ಪೇಟೆ ನಡುವೆ, ಬ್ಯಾಂಕೊಂದರ ಮೇಲಿನ ಮಹಡಿಯಲ್ಲಿ ನನ್ನ ಕ್ಲಿನಿಕ್ ಇದೆ. ಇಲ್ಲಿಗೆ ಬರುವ ಮೊದಲು ಮಂಡ್ಯದ ಕಡೆ ಹಿರಿಯ ಡಾಕ್ಟರೊಬ್ಬರ ಕೈಕೆಳಗೆ ಕೆಲಸ ಕಲಿತೆ. ಅಲ್ಲಿ ಬರೀ ಮಾತ್ರೆ ಬರೆದುಕೊಟ್ಟರೆ ರೋಗಿಗಳು ಮುಖ ಸಣ್ಣ ಮಾಡುತ್ತಿದ್ದರು. "ಒಂದು ಸೂಜಿ ಹಾಕ್ಬುಡಿ ಸಾ" ಎನ್ನುತ್ತಿದ್ದರು. ನಾವು ಬಿ-ಕಾಂಪ್ಲೆಕ್ಸ್ ಜೊತೆ ಒಂದಿಷ್ಟು ಡೆಕ್ಸಾ — ಅದೇ ಸ್ಟೆರಾಯ್ಡ್ — ಬೆರೆಸಿ ಹಾಕುತ್ತಿದ್ದೆವು. ಮರುದಿನವೇ ರೋಗಿ ಎದ್ದು ಓಡಾಡುತ್ತಿದ್ದ. ಊರೆಲ್ಲ ಡಾಕ್ಟರ ಕೈಗುಣ ಹೊಗಳುತ್ತಿತ್ತು. ಚೀಟಿಯಲ್ಲಿ ಮಾತ್ರ ಬಿ-ಕಾಂಪ್ಲೆಕ್ಸ್ ಎಂದಷ್ಟೇ ಬರೆಯುವುದು ರೂಢಿ. ಆ ಕೈಗುಣವನ್ನು ನಾನು ವಿಮಾನದಲ್ಲಿ ಜೊತೆಗೇ ತಂದೆ. ನಾಚಿಕೆಯ ಮಾತೆಂದರೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಮರ್ಸಿ ದೂರದ ಓಟಗಾರ್ತಿ. ಅವಳಿಗೆ ತರಬೇತಿ ಕೊಡುತ್ತಿದ್ದವನು ಅಣ್ಣ ಜೋಯೆಲ್. ತಂದೆತಾಯಿ ಹೋದ ಮೇಲೆ ಅವಳನ್ನು ಸಾಕಿದವನೂ ಅವನೇ. ಒಂದು ಶುಕ್ರವಾರ ಬೆಳಿಗ್ಗೆ ಅವಳೊಬ್ಬಳೇ ಕ್ಲಿನಿಕ್ಕಿಗೆ ಬಂದಳು. ಜ್ವರ, ಗಂಟಲು ನೋವು. ಭಾನುವಾರವೇ ಹಾಫ್ ಮ್ಯಾರಥಾನ್. ನಾನು ಸಿರಿಂಜಿಗೆ ಔಷಧ ಎಳೆಯುತ್ತಿದ್ದಾಗ ಕೇಳಿದಳು: "ಡಾಕ್ಟರಿ, ನಾನು ಓಡುವವಳು. ಇದರಲ್ಲಿ ನಮಗೆ ಬೇಡದ್ದು ಏನೂ ಇಲ್ಲವಲ್ಲ?"

ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು — ಆದರೆ ಅವಸರವೊಂದೇ ಕಾರಣವಲ್ಲ. ಇಪ್ಪತ್ತೆರಡರ ಹುಡುಗಿ ನನ್ನನ್ನು ಪ್ರಶ್ನಿಸುತ್ತಾಳಲ್ಲ ಎಂದು ಒಳಗೊಳಗೇ ಸಿಟ್ಟು ಬಂದಿತ್ತು.

"ವಿಟಮಿನ್ ಅಷ್ಟೇ," ಎಂದೆ.

"ಅಸಾಂಟೆ, ಡಾಕ್ಟರಿ," ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ತೋಳು ಚಾಚಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಓಟದಲ್ಲಿ ಎರಡನೆಯವಳಾಗಿ ಬಂದಳು. ಆಮೇಲಿನ ಮೂತ್ರ ಪರೀಕ್ಷೆಯಲ್ಲಿ, ಓಟಗಾರರಿಗೆ ನಿಷಿದ್ಧವಾದ ಡೆಕ್ಸಾ ಸಿಕ್ಕಿತು. ವಿಚಾರಣೆ ಮಾಡುವವರು ನನ್ನಿಂದಲೂ ಪತ್ರ ಕೇಳಿದರು. ನಿಜ ಬರೆದಿದ್ದರೆ ಅವಳನ್ನು ಬರೀ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರೇನೋ. ಆದರೆ ನನ್ನ ಲೈಸೆನ್ಸ್ ಹೋಗಬಹುದಿತ್ತು. ಚೀಟಿಯಲ್ಲಿ ಇದ್ದದ್ದನ್ನೇ ಪತ್ರದಲ್ಲೂ ಬರೆದು ಸಹಿ ಹಾಕಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯುವ ಆಸೆ ಈಗಲೂ ಇದೆ.

ಓಡದಂತೆ ಅವಳಿಗೆ ಎರಡು ವರ್ಷ ನಿಷೇಧವಾಯಿತು. ಅದಾದ ಮೇಲೆ ಮರ್ಸಿ ಕ್ಲಿನಿಕ್ಕಿಗೆ ಬಂದಳು — ಜಗಳಕ್ಕಲ್ಲ, ಕ್ಷಮೆ ಕೇಳಲು. "ಮೊದಲು ನಿಮ್ಮನ್ನೇ ಅನುಮಾನಿಸಿದ್ದೆ. ಪತ್ರ ಓದಿದ ಮೇಲೆ ಗೊತ್ತಾಯಿತು. ದಿನಾ ನನಗೆ ಗಂಜಿ ಕಾಸಿ ಕೊಡುತ್ತಿದ್ದವನು ಜೋಯೆಲ್ ಒಬ್ಬನೇ. ಅದರಲ್ಲೇ ಬೆರೆಸಿರಬೇಕು."

ಆಗ ಹೇಳಬಹುದಿತ್ತು. ಅವಳು ಎದುರಿಗೇ ಕೂತಿದ್ದಳು, ಬಾಗಿಲು ಮುಚ್ಚಿತ್ತು... ನಾನು ಅವಳ ರಕ್ತದೊತ್ತಡ ನೋಡಿ ಕಳಿಸಿದೆ. ಅವಳು ಅಣ್ಣನ ಜೊತೆ ಮಾತು ಬಿಟ್ಟಳು, ಓಟವನ್ನೂ ಬಿಟ್ಟಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ಜೋಯೆಲ್.

ಡೆಕ್ಸಾ ಹಾಕುವುದನ್ನು ನಾನು ಅಂದಿನಿಂದ ನಿಲ್ಲಿಸಿದೆ. ಅದನ್ನೇ ಪ್ರಾಯಶ್ಚಿತ್ತ ಎಂದುಕೊಂಡೆ. ಆದರೂ ರೇಡಿಯೊದಲ್ಲಿ ಯಾವುದೋ ಓಟಗಾರ ಸಿಕ್ಕಿಬಿದ್ದ ಸುದ್ದಿ ಬಂದರೆ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೋದ ವಾರ ಮರ್ಸಿ ಕಿಲೆಲೆಶ್ವಾ ಬಡಾವಣೆಯ ನಮ್ಮ ಮನೆಗೇ ಬಂದಳು, ಮದುವೆಯ ಕಾಗದ ಹಿಡಿದು. ಚರ್ಚಿನಲ್ಲಿ ಅವಳ ಕೈಹಿಡಿದು ವರನ ಬಳಿಗೆ ನಡೆಸಿಕೊಂಡು ಹೋಗಬೇಕಾದವನು ಅಣ್ಣ. ಆ ಜಾಗದಲ್ಲಿ ನೀವು ನಡೆಯಬೇಕು ಎಂದಳು. "ನನಗೆ ನಿಜ ಹೇಳಿದವರು ನೀವೊಬ್ಬರೇ, ಡಾಕ್ಟರಿ."

ನನ್ನ ಹೆಂಡತಿ ಸುಮಾ ಹಿಗ್ಗಿಹೋದಳು. "ಕನ್ಯಾದಾನ ಮಾಡಿದಷ್ಟೇ ಪುಣ್ಯ ರೀ! ನಿಮ್ಮ ಸೂಟ್ ಇವತ್ತೇ ಡ್ರೈಕ್ಲೀನಿಂಗ್‌ಗೆ ಕೊಡ್ತೀನಿ."

ಸೂಟು ವಾಪಸ್ ಬಂದ ದಿನ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸೂಟನ್ನು ಬೀರುವಿನೊಳಗಿಟ್ಟು, "ಮದ್ವೆ ಆದ್ಮೇಲೆ ಹೇಳಿ ಏನ್ ಪ್ರಯೋಜನ? ಮೊದ್ಲು ಹೋಗಿ ಹೇಳ್ಬನ್ನಿ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಿಚಾರಣೆಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದಾಗಿದೆ. ಒಂದು ಪ್ರತಿ ಜೋಯೆಲ್‌ಗೆ. ಲೈಸೆನ್ಸ್ ಹೋದರೆ ಹೋಗಲಿ. ಇದನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ — ಮರ್ಸಿಗೆ ಓದಲು ಬಾರದ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಸುಲಭ, ಅದೂ ನನಗೆ ಗೊತ್ತು.

ಮದುವೆಗೆ ಇನ್ನು ನಾಲ್ಕು ದಿನ. ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಆರು ವರ್ಷದ ಹಿಂದೆ ಅವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಇತ್ತು, ಮರ್ಸಿ. ಬೇಡದ್ದು ಇತ್ತು.