ಯಮನಪ್ಪ ಹೊತ್ತುಕೊಂಡ ಕಳವು

ಮುರಗೋಡದಲ್ಲಿ ಯಮನಪ್ಪನ ಗ್ಯಾರೇಜು ಎಂದರೆ ನಾಲ್ಕು ತಗಡು ಮತ್ತು ಒಂದು ಬೇವಿನ ಮರದ ನೆರಳು. ಸುರೇಬಾನದಿಂದ ಬರಿಗೈಯಲ್ಲಿ ಬಂದವನು ಮೂವತ್ತೆರಡು ವರ್ಷ ಅಲ್ಲಿಯೇ ಹಳೆಯ ಕಾರು, ಜೀಪುಗಳನ್ನು ಬಿಚ್ಚಿ ಜೋಡಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡಿದ್ದ. ಇಲ್ಲದ ಕೆಡುಕನ್ನು ಹೇಳುವವನಲ್ಲ, ಇದ್ದದ್ದನ್ನು ಮುಚ್ಚುವವನಲ್ಲ ಎಂದು ಅವನಿಗೆ ಸುತ್ತಿನ ಊರುಗಳಲ್ಲಿ ಹೆಸರಿತ್ತು. ಆ ಹೆಸರನ್ನು ಊರೂರಿಗೆ ಮುಟ್ಟಿಸಿದವರು ಬೈಲಹೊಂಗಲದ ಹತ್ತಿ ವ್ಯಾಪಾರಿ ನಿಜಗುಣಪ್ಪ ಸಾವುಕಾರರು. ಅವರ ಬಿಳಿ ಅಂಬಾಸಡರ್ ಕಾರನ್ನು ಮೊದಲಿನಿಂದಲೂ ಯಮನಪ್ಪನ ಹೊರತು ಇನ್ನೊಬ್ಬರು ಮುಟ್ಟಿರಲಿಲ್ಲ.

ಹೋದ ಶ್ರಾವಣದಲ್ಲಿ ಸಾವುಕಾರರ ಫೋನು ಬಂತು.

"ಯಮನಪ್ಪ, ಗಾಡಿ ಚಾಲೂ ಆಗವಲ್ದೋ. ಮೂರು ದಿನ ಆತು. ಇಲ್ಲಿಯವ್ರು ಬ್ಯಾಟರಿ ಬದಲ ಮಾಡ್ರಿ ಅಂತಾರ. ನೀ ಬಂದು ನೋಡಿ ಹೇಳು."

ಹತ್ತು ಗಂಟೆಯ ಬಸ್ಸು ಹಿಡಿದು ಯಮನಪ್ಪ ಹೋದ. ಸಾವುಕಾರರು ಆಗಲೇ ಸ್ಟೇರಿಂಗಿನ ಮುಂದೆ ಕುಳಿತಿದ್ದರು. ಎಪ್ಪತ್ತನಾಲ್ಕರ ವಯಸ್ಸು, ಇಸ್ತ್ರಿ ಮಾಡಿದ ಧೋತರ. ಚಾವಿ ತಿರುಗಿಸಿದರೆ ಎಂಜಿನ್ನು ಗರಗರನೆ ಸುತ್ತುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಅಷ್ಟು ಜೋರಾಗಿ ಸುತ್ತಬೇಕಾದರೆ ಬ್ಯಾಟರಿಯಲ್ಲಿ ದೋಷವಿಲ್ಲ. ಯಮನಪ್ಪ ಕಾರ್ಬೋರೇಟರಿನ ಪೈಪು ಬಿಚ್ಚಿ ಇನ್ನೊಮ್ಮೆ ಸುತ್ತಿಸಿದ. ಪೆಟ್ರೋಲು ಚಿಮ್ಮಿತು. ಪ್ಲಗ್ಗಿನ ವೈರು ಕಿತ್ತು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದ. ಕಿಡಿ ಇಲ್ಲ. ಕಿಡಿಯ ಕರೆಂಟು ಹುಟ್ಟಿಸುವ ಕಾಯಿಲಿನ ನಡುವಿನ ವೈರನ್ನು ಹಿಡಿದಾಗ ಮಾತ್ರ ಚಟ್ಟನೆ ನೀಲಿ ಕಿಡಿ ಹಾರಿತು.

"ಕಾಯಿಲ್ ತನಕ ಕರೆಂಟ್ ಐತ್ರಿ ಸಾವುಕಾರ್ರ. ಅಲ್ಲಿಂದ ಪ್ಲಗ್ಗಿಗೆ ಹೋಗವಲ್ದು."

ಅಷ್ಟರಲ್ಲಿ ಸಾವುಕಾರರ ಹೆಂಡತಿ ಸಿದ್ದಲಿಂಗವ್ವ ಬಾಗಿಲಿಗೆ ಬಂದು, "ಚಾ ಆರಾಕತ್ತೈತಿ, ಒಳಗ ಬರ್ರಿ" ಎಂದು ಗಂಡನನ್ನು ಕರೆದಳು. ಸಾವುಕಾರರು ಒಳಗೆ ಹೋದರು. ಯಮನಪ್ಪ ಡಿಸ್ಟ್ರಿಬ್ಯೂಟರಿನ ಎರಡೂ ಕ್ಲಿಪ್ಪು ಸರಿಸಿ ಮುಚ್ಚಳ ಎತ್ತಿದ. ಒಳಗೆ ರೋಟರ್ ಇರಲಿಲ್ಲ. ಹೆಬ್ಬೆರಳಿನಷ್ಟು ಸಣ್ಣ ಸಾಮಾನು, ಸುತ್ತುತ್ತ ನಾಲ್ಕೂ ಪ್ಲಗ್ಗಿಗೆ ಕರೆಂಟು ಹಂಚುವಂಥದ್ದು. ಅದು ಸವೆಯಬಹುದು, ಒಡೆಯಬಹುದು. ತಾನಾಗಿ ಎದ್ದು ಹೋಗುವುದಿಲ್ಲ.

ಹಿಂದಿನಿಂದ ಸಿದ್ದಲಿಂಗವ್ವನ ದನಿ ಕೇಳಿತು. "ನಾನ ತಗದೇನಿ, ಯಮನಪ್ಪ."

ಅವನು ತಿರುಗಿ ನೋಡಿದ.

"ಲಗ್ನಕ್ಕ ಹ್ವಾದಾಗ ಗಾಡಿ ಕಳವಾಗಬಾರ್ದಂತ ಇದನ್ನ ತಗಿಯೂದು ನೀನ ಅವ್ರಿಗೆ ಕಲಿಸಿದ್ದಿ. ತಗದು ನನ್ನ ಕೈಯಾಗ ಕೊಡತಿದ್ರು, ನಾ ಸೆರಗಿನ್ಯಾಗ ಗಂಟ ಹಾಕೊಂತಿದ್ದೆ. ಹಿಂಗ ನೋಡಿ ನೋಡಿ ಕಲತೆ." ಅವಳು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವ್ರಿಗೆ ಮರವು ಬಂದೈತಿ. ಹ್ವಾದ ತಿಂಗಳ ಸಂಗೊಳ್ಳಿಗೆ ಅಂತ ಹ್ವಾದವ್ರು ಕಿತ್ತೂರ ಕಡೆ ಹೈವೇದಾಗ ಗಾಡಿ ನಿಂದರಿಸಿ ಕುಂತಿದ್ರು. ಯಾ ಊರಿಗೆ ಹೊಂಟೇನಿ ಅನ್ನೂದ ಗೊತ್ತಿಲ್ಲ. ಮೊನ್ನೆ ಸಾಲಿ ಬಿಟ್ಟ ಹೊತ್ತಿಗೆ ಹುಡುಗರ ಮ್ಯಾಲೆ ಗಾಡಿ... ಒಂದ ಗೇಣಿನ್ಯಾಗ ಉಳದ್ವು ಯಮನಪ್ಪ. ಗಾಡಿ ಮಾರೂಣು ಅಂತ ಮಗ ಮಹಾದೇವ ಅಂದದ್ದಕ್ಕ ಎರಡು ದಿನ ಊಟ ಬಿಟ್ರು. ಸಾಮಾನ ಸಿಗಂಗಿಲ್ಲ ಅಂತ ನೀ ಹೇಳು. ನಿನ್ನ ಮಾತೊಂದ ನಂಬತಾರ."

ಯಮನಪ್ಪ ಮುಚ್ಚಳ ಕೂಡಿಸಿ ಕ್ಲಿಪ್ಪು ಹಾಕಿದ. ಸಾವುಕಾರರು ಧೋತರದ ತುದಿಗೆ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಏನಾಗೈತೋ?"

"ಒಳಗಿನ ಸಾಮಾನ ಸುಟ್ಟೈತ್ರಿ. ಈಗ ಅದು ಬರೂದು ಬಂದ್ ಆಗೈತಿ. ಹುಡಕಬೇಕು."

"ಹುಡಕು. ನೀ ಹುಡಕಿದ್ರ ಸಿಗತೈತಿ ಬಿಡು" ಎಂದು ಅವರು ನಿಶ್ಚಿಂತೆಯಿಂದ ನಕ್ಕರು. ಆ ನಗು ನೋಡಲಾರದೆ ಯಮನಪ್ಪ ಬಾನೆಟ್ಟು ಇಳಿಸಿದ.

ಆಮೇಲೆ ವಾರಕ್ಕೊಂದು ಫೋನು ಬರತೊಡಗಿತು. ಸಾಮಾನು ಸಿಕ್ಕಿತೇ? ಸವದತ್ತಿಯಲ್ಲಿ ಕೇಳಿದೆಯಾ? ಒಮ್ಮೊಮ್ಮೆ ಒಂದೇ ದಿನ ಮೂರು ಸಲ. ಪ್ರತಿ ಸಲವೂ ಯಮನಪ್ಪ ಇನ್ನೊಂದು ಊರಿನ ಹೆಸರು ಹೇಳುತ್ತಿದ್ದ. ಸುಳ್ಳು ಹೇಳಿ ಫೋನಿಟ್ಟ ಮೇಲೆ ಸುಮಾರು ಹೊತ್ತು ಅವನಿಗೆ ಪಾನಾ ಹಿಡಿದು ನಟ್ಟು ತಿರುಗಿಸಲಿಕ್ಕೂ ಮನಸ್ಸಾಗುತ್ತಿರಲಿಲ್ಲ.

ದೀಪಾವಳಿ ಕಳೆದು ವಾರವಾಗಿತ್ತು. ಮಧ್ಯಾಹ್ನ ಸಾವುಕಾರರು ಒಬ್ಬರೇ ಬಸ್ಸಿಳಿದು ಗ್ಯಾರೇಜಿಗೆ ಬಂದರು. ಧೋತರದ ಮೇಲೆಲ್ಲ ಎಣ್ಣೆಯ ಕಪ್ಪು ಕಲೆ.

"ಮುಚ್ಚಳ ತಗದು ನೋಡಿದೆ" ಎಂದರು. "ರೋಟರ್ ಇಲ್ಲ. ಸುಟ್ಟೈತಿ ಅಂದಿದ್ದಿ. ಸುಟ್ಟಿದ್ದರ ಇರಬೇಕಲ್ಲೋ?"

ಯಮನಪ್ಪ ಬೆಂಚು ಸರಿಸಿ ಕೂಡಿಸಿದ.

ಸಾವುಕಾರರು ಬಗ್ಗಿ ಅವನ ಕೈ ಹಿಡಿದರು. "ಖರೇ ಹೇಳು ಯಮನಪ್ಪ. ನಾನ ತಗದು ಎಲ್ಯರ ಇಟ್ಟು ಮರತೇನೇನು? ಅದನ್ನ ಮುಚ್ಚಾಕ ನೀವೆಲ್ಲಾರೂ ಕೂಡಿ ಸುಳ್ಳ ಹೇಳಾಕತ್ತೀರೇನು? ಕಪಾಟ, ಟ್ರಂಕ, ದೇವರ ಜಗಲಿ, ಎಲ್ಲಾ ಹುಡಕೇನಿ. ನನಗ ಅಂಜಿಕಿ ಬರಾಕತ್ತೈತೋ. ನನ್ನ ತಲಿ ನನ್ನ ಕೈಯಾಗಿಲ್ಲ ಅನಸತೈತಿ."

ಹೌದು, ನೀವೇ ತೆಗೆದದ್ದು ಎಂದರೆ ಈ ಅಂಜಿಕೆ ಅವರನ್ನು ಇಡಿಯಾಗಿ ನುಂಗುತ್ತದೆ. ನಿಮ್ಮ ಮನೆಯವರು ತೆಗೆದದ್ದು ಎಂದರೆ, ಐವತ್ತು ವರ್ಷ ಉಣ್ಣಿಸಿದ ಕೈಯ ಮೇಲಿನ ನಂಬಿಕೆ ಹೋಗುತ್ತದೆ. ನಾಳೆ ಅವರಿಗೆ ಆ ಕೈಯ ಹೊರತು ಏನೂ ಉಳಿಯುವುದಿಲ್ಲ. ಯಮನಪ್ಪ ನೆಲ ನೋಡುತ್ತ ಹೇಳಿದ:

"ನಾನ ತಗೊಂಡೇನ್ರಿ. ರಾಮದುರ್ಗದವ್ರದೊಂದು ಗಾಡಿ ಬಂದಿತ್ತು. ನಿಮ್ಮದು ತಗದು ಅದಕ್ಕ ಹಾಕಿದೆ."

ಹೊಂದಿಕೆ ಇಲ್ಲದ ಸುಳ್ಳು. ಕಾರು ನಿಂತು ಮೂರು ದಿನವಾದ ಮೇಲೆ ಅವನು ಬೈಲಹೊಂಗಲಕ್ಕೆ ಹೋದದ್ದು. ಮೊದಲಿನ ನಿಜಗುಣಪ್ಪನವರಾಗಿದ್ದರೆ ಅದನ್ನು ಕೂಡಲೇ ಹಿಡಿದು ನಗುತ್ತಿದ್ದರು. ಯಮನಪ್ಪ ಒಂದು ಗಳಿಗೆ ಅದಕ್ಕಾಗಿಯೇ ಕಾದ. ಅವರು ಹಿಡಿಯಲಿಲ್ಲ.

"ಹಂಗಾರ ನಾ ಮರತಿಲ್ಲ" ಎಂದರು. ಮುಖದಲ್ಲಿ ಮೊದಲು ಸಮಾಧಾನ ಬಂತು, ಆಮೇಲೆ ಸಿಟ್ಟು. ಹಿಡಿದಿದ್ದ ಕೈಯನ್ನು ಝಾಡಿಸಿದರು. "ಕಳ್ಳ! ಮನಿಯವನಂಗ ನೋಡಿದೆ ನಿನ್ನ. ಇನ್ನ ನನ್ನ ಬಾಗಲಾ ತುಳೀಬ್ಯಾಡ."

ಅವರು ಬಸ್ ಸ್ಟ್ಯಾಂಡಿನ ವಿರುದ್ಧ ದಿಕ್ಕಿಗೆ ನಡೆದರು. ಯಮನಪ್ಪನೇ ಓಡಿ ಹೋಗಿ ತಿರುಗಿಸಿದ, ಬೈಗುಳ ಕೇಳುತ್ತ ಹಿಂದೆಯೇ ನಡೆದ, ಬೈಲಹೊಂಗಲದ ಬಸ್ಸು ಹತ್ತಿಸಿ ಕಂಡಕ್ಟರನಿಗೆ ಹೇಳಿ, ಮಹಾದೇವನಿಗೆ ಫೋನು ಮಾಡಿದ.

ಕಳವಿನ ಮಾತು ಬೈಲಹೊಂಗಲದ ಹತ್ತಿ ಮಾರ್ಕೆಟ್ಟಿನಲ್ಲಿ ಹಬ್ಬಿತು. ಹಳೆಯ ಗಾಡಿಯವರು ಒಬ್ಬೊಬ್ಬರೇ ಯಮನಪ್ಪನ ಕಡೆ ಬರುವುದನ್ನು ಬಿಟ್ಟರು. ಬಂದವರು ಬಾನೆಟ್ಟಿನ ಪಕ್ಕದಿಂದ ಕದಲುತ್ತಿರಲಿಲ್ಲ. ಹೆಂಡತಿ ಮಾಯವ್ವ ಒಲೆಯ ಮುಂದೆ ಕುಳಿತು ಅತ್ತಳು. "ಮಾಡದ ಕಳುವಿಗೆ ಯಾಕ ಹೆಗಲ ಕೊಟ್ಟಿ?" ಅವನು ಊಟ ಮುಗಿಸಿ ಎದ್ದು ಗ್ಯಾರೇಜಿಗೆ ಹೋದ.

ಸುದ್ದಿ ತಿಳಿದು ಸಿದ್ದಲಿಂಗವ್ವ ಮಗನನ್ನು ಕರೆದುಕೊಂಡು ಬಂದಳು. "ಇವತ್ತ ಅವ್ರಿಗೆ ಇದ್ದದ್ದ ಹೇಳಿಬಿಡತೇನಿ" ಎಂದಳು.

"ನಿಮ್ಮ ಕೈಲೆ ಊಟ ಮಾಡತಾರಿಲ್ರಿ ಅಕ್ಕಾರ?" ಯಮನಪ್ಪ ಕೇಳಿದ.

"ಮಾಡತಾರ. ಬ್ಯಾರೇದವ್ರ ಕೈಲೆ ಒಲ್ಲರು."

"ಮತ್ತ ಹೇಳಬ್ಯಾಡ್ರಿ."

ಚಳಿಗಾಲ ಮುಗಿಯುವುದರೊಳಗೆ ಸಾವುಕಾರರು ಹಾಸಿಗೆ ಹಿಡಿದರು. ಕಾರನ್ನು ಮಹಾದೇವ ಮಾರಿದ. ಅದು ಅಂಗಳದಿಂದ ಹೋದದ್ದು ಅವರಿಗೆ ತಿಳಿಯಲಿಲ್ಲ. ಯುಗಾದಿಯ ಹೊತ್ತಿಗೆ ಸಿದ್ದಲಿಂಗವ್ವ ಯಮನಪ್ಪನನ್ನು ಕರೆಸಿದಳು. "ಈಗ ಯಾರ ಗುರ್ತೂ ಇಲ್ಲ. ಮಗನ್ನೂ ಯಾರೋ ಅಂತಾರ. ಒಂದ ಸಲ ಕಣ್ತುಂಬ ನೋಡಿ ಹೋಗು."

ಯಮನಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಮಂಚದ ಪಕ್ಕ ಕುಳಿತ. ಸಾವುಕಾರರು ಅವನನ್ನು ಬಹಳ ಹೊತ್ತು ದಿಟ್ಟಿಸಿದರು. ಹೆಸರು ಹಿಡಿದು ಕರೆಯಲಿಲ್ಲ, ಬೈಯಲೂ ಇಲ್ಲ. ಮೆಲ್ಲಗೆ ಕೈ ಚಾಚಿ, ದಿಂಬಿನ ಪಕ್ಕದಲ್ಲಿದ್ದ ಕೈಗಡಿಯಾರವನ್ನು ತಡವಿ ಹಿಡಿದು, ಅವನ ಕೈಗೆ ಸಿಗದ ಹಾಗೆ ಹೊದ್ದ ಕೌದಿಯೊಳಗೆ ಎಳೆದುಕೊಂಡರು.

ಸಿದ್ದಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಮನಪ್ಪ ಅವಳು ಕೊಟ್ಟ ಚಹಾ ಕುಡಿದ, ಬಟ್ಟಲನ್ನು ತಾನೇ ತೊಳೆದಿಟ್ಟ, ಮೂರು ಗಂಟೆಯ ಬಸ್ಸಿಗೆ ಮುರಗೋಡಕ್ಕೆ ಹೊರಟ.