ಎಣ್ಣೆ ನೋಡುತ್ತಿದ್ದ ಬಾಬಾಜಾನ್

ಮೆಕ್ಯಾನಿಕ್ ಬಾಬಾಜಾನ್ ಬಿಸಿ ಎಂಜಿನ್ನನ್ನು ಪರೀಕ್ಷಿಸುತ್ತಿರಲಿಲ್ಲ. ಗಾಡಿ ತಂದವರು ಯಾರೇ ಆಗಿರಲಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬಿಸಿ ತಗುಲಿದರೆ "ಇಲ್ಲೇ ಬಿಟ್ಟೋಗಿ, ಬೆಳಿಗ್ಗೆ ಬನ್ನಿ" ಎನ್ನುತ್ತಿದ್ದರು. "ಓಡ್ಕೊಂಡು ಬಂದ ಎಂಜಿನ್ನು ಸುಳ್ಳು ಹೇಳುತ್ತೆ. ತಣ್ಣಗೆ ಮಲಗಿರೋದನ್ನ ಎಬ್ಬಿಸಬೇಕು, ಆಗ ನಿಜ ಬರುತ್ತೆ" ಎಂಬುದು ಅವರ ಸಿದ್ಧಾಂತ.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು ಅವು. ನಾನು ಚಿಂತಾಮಣಿ ಕಡೆ ಪಶುವೈದ್ಯೆಯಾಗಿದ್ದೆ. ಅಂಬಾಜಿದುರ್ಗದ ಸುತ್ತಿನ ಹಳ್ಳಿಗಳ ದಾರಿಗೆ ಸ್ಕೂಟರ್ ಆಗುವುದಿಲ್ಲವೆಂದು ಒಂದು ಹಳೆಯ ಡೀಸೆಲ್ ಜೀಪು ಕೊಂಡಿದ್ದೆ. ನಾಲ್ಕೂ ಚಕ್ರ ಎಳೆಯುತ್ತಿದ್ದ ಗಟ್ಟಿ ಗಾಡಿ; ನನಗಿಂತ ನಾಲ್ಕೈದು ವರ್ಷ ಚಿಕ್ಕದಿರಬಹುದು, ಅಷ್ಟೆ. ಕ್ಲಚ್ ಬಿಗಿಯಾಗಿದೆಯೆಂದು ಬಾಬಾಜಾನರ ಶೆಡ್ಡಿಗೆ ಮೊದಲ ಸಲ ಹೋದೆ. ಹೇಳಿದ ಹಾಗೆ ಬಿಟ್ಟುಬಂದು ಮರುದಿನ ಹೋದರೆ, ಅವರು ಕ್ಲಚ್ಚಿನ ತಂಟೆಗೇ ಹೋಗದೆ ಎಣ್ಣೆ ಅಳೆಯುವ ಕಡ್ಡಿಯನ್ನು ಹಿಡಿದು ನಿಂತಿದ್ದರು.

"ಎಣ್ಣೆ ಬದಲಾಯಿಸಿ ಎಷ್ಟು ದಿನ ಆಯ್ತು ಡಾಕ್ಟ್ರಮ್ಮ?"

"ಮೂರು ತಿಂಗಳು. ಒಂದು ತೊಟ್ಟೂ ಕಮ್ಮಿ ಆಗಿಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಕಮ್ಮಿ ಆಗಿಲ್ಲ, ನಿಜ. ಜಾಸ್ತಿ ಆಗಿದೆ. ಕಮ್ಮಿ ಆದ್ರೆ ನಾನು ಹೆದರಲ್ಲ ಕಣಮ್ಮ, ಹಳೇ ಗಾಡಿ, ಕುಡಿಯುತ್ತೆ. ಜಾಸ್ತಿ ಆದ್ರೆ ಹೆದರ್ತೀನಿ. ಮೂಸಿ ನೋಡಿ."

ಮೂಸಿದೆ. ಡೀಸೆಲ್ ವಾಸನೆ. ಡೀಸೆಲ್ ಎಳೆದುಕೊಡುವ ಪುಟ್ಟ ಪಂಪಿನೊಳಗಿನ ರಬ್ಬರ್ ಹಾಳೆ ಹರಿದು, ಎಂಜಿನ್ ಎಣ್ಣೆಯೊಳಕ್ಕೆ ಡೀಸೆಲ್ ಸೋರುತ್ತಿತ್ತು. ಪಂಪು ಬಿಚ್ಚಿ ಆ ಹರಕನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಣ್ಣೆ ತೆಳ್ಳಗಾದರೆ ಒಳಗಿನ ಬೇರಿಂಗುಗಳು ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತವೆ, ಇನ್ನೊಂದು ತಿಂಗಳು ಓಡಿಸಿದ್ದರೆ ಎಂಜಿನ್ನೇ ಇಳಿಸಬೇಕಾಗುತ್ತಿತ್ತು ಎಂದರು.

ಅಂದಿನಿಂದ ನಾನು ಅವರ ಖಾಯಂ ಗಿರಾಕಿ. ರೋಗಿಯ ಕಡೆಯವರನ್ನು ನಾವು ವಿಚಾರಿಸುವ ಹಾಗೆಯೇ ಅವರೂ ವಿಚಾರಿಸುತ್ತಿದ್ದರು. "ನೀಲಿ ಹೊಗೆ ಯಾವಾಗ ಬರುತ್ತೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ನಿಂತೋಗುತ್ತಾ? ಹಂಗಾದ್ರೆ ವಾಲ್ವಿನ ಸೀಲು. ದಿಬ್ಬ ಹತ್ತುವಾಗ ಬಿಡದೆ ಬರುತ್ತಾ? ಹಂಗಾದ್ರೆ ಪಿಸ್ಟನ್ ರಿಂಗು ಸವೆದಿದೆ." ಗೊತ್ತಿಲ್ಲ ಎಂದರೆ ಸಿಟ್ಟಾಗುತ್ತಿದ್ದರು. "ಹಸು ಮೇವು ಬಿಟ್ಟು ಎಷ್ಟು ದಿನ ಆಯ್ತು ಅಂತ ನೀವು ಕೇಳಲ್ವಾ? ಹಂಗೇ ಇದೂ."

ಅವರು ತಪ್ಪಿದ್ದನ್ನು ನಾನು ಕಂಡದ್ದು ಒಂದೇ ಸಲ. ಒಂದು ವರ್ಷ ಬೇಸಿಗೆಯಲ್ಲಿ, ದೂರ ಓಡಿಸಿ ಎಂಜಿನ್ ಆರಿಸದೆ ನಿಲ್ಲಿಸಿದಾಗಲೆಲ್ಲ ಎಣ್ಣೆ ಒತ್ತಡದ ಕೆಂಪು ದೀಪ ಮಿಣಮಿಣ ಎನ್ನತೊಡಗಿತು. ಹೇಳಿದೆ. ವಾಡಿಕೆಯಂತೆ ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರು. ದೀಪ ತಟ್ಟನೆ ಆರಿತು. "ಎಂಜಿನ್ ಚೆನ್ನಾಗಿದೆ, ದೀಪದ ಸ್ವಿಚ್ಚು ಕೆಟ್ಟಿದೆ" ಎಂದು ಸ್ವಿಚ್ಚು ಬದಲಾಯಿಸಿ ಕಳಿಸಿದರು.

ನಾಲ್ಕನೇ ದಿನ ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಯಿಂದ ಮುನಿಯಮ್ಮ ಎಂಬವರು ಹೇಳಿಕಳಿಸಿದರು. ಹಸು ಈಯಲಾರದೆ ಒದ್ದಾಡುತ್ತಿತ್ತು. ಏರು ದಾರಿಯಲ್ಲಿ ದೀಪ ಹೊತ್ತಿಕೊಂಡಿತು. ಹೊಸ ಸ್ವಿಚ್ಚಿನದೂ ಅದೇ ಕಾಟವೆಂದುಕೊಂಡು ಮುಂದಕ್ಕೆ ಓಡಿಸಿದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂಥ ಸದ್ದು ಬಂತು. ಆಫ್ ಮಾಡಿ, ಬ್ಯಾಗು ಹೆಗಲಿಗೇರಿಸಿ ನಡೆದೆ. ತಲುಪಲು ಒಂದೂವರೆ ಗಂಟೆ ಹಿಡಿಯಿತು. ಹೊಟ್ಟೆಯೊಳಗೆ ಕರುವಿನ ಕುತ್ತಿಗೆ ಹಿಂದಕ್ಕೆ ಮಡಚಿಕೊಂಡಿತ್ತು. ತಿರುಗಿಸಿ ಈಚೆಗೆ ಎಳೆದೆ. ಸತ್ತಿತ್ತು, ಆದರೆ ಸತ್ತು ಹೆಚ್ಚು ಹೊತ್ತಾಗಿರಲಿಲ್ಲ. ಹಸು ಉಳಿಯಿತು.

ಜೀಪನ್ನು ಎಳೆದು ತಂದ ಮೇಲೆ ಬಾಬಾಜಾನ್ ಎಣ್ಣೆ ತೊಟ್ಟಿ ಬಿಚ್ಚಿದರು. ತಳದ ಎಣ್ಣೆಯಲ್ಲಿ ಲೋಹದ ಪುಡಿ ಹೊಳೆಯುತ್ತಿತ್ತು. ಬೇರಿಂಗಿನ ಚಿಪ್ಪುಗಳು ತಾಮ್ರ ಕಾಣುವಷ್ಟು ಸವೆದಿದ್ದವು. ತಣ್ಣಗಿದ್ದಾಗ ಎಣ್ಣೆ ಮಂದವಿರುತ್ತದೆ, ಸವೆತ ಮುಚ್ಚಿಹೋಗುತ್ತದೆ; ಕಾದು ತೆಳುವಾದಾಗಲೇ ಒತ್ತಡ ಬೀಳುವುದು. ಅದನ್ನು ಅವರೇ ನನಗೆ ವಿವರಿಸಿದರು. ಕೊನೆಗೆ, "ದೀಪ ನಿಜಾನೇ ಹೇಳ್ತಿತ್ತು. ನಾನು ಅದನ್ನ ಸುಳ್ಳು ಅಂದೆ" ಎಂದರು.

ಕರುವಿನ ವಿಷಯ ಅವರಿಗೆ ಹೇಳಬಾರದೆಂದಿದ್ದೆ. ಅವರು ಬಿಡದೆ ಕೇಳಿದರು, ಹೇಳಿದೆ. ಗಾಡಿ ಸರಿಯಾದ ದಿನ, "ಆ ಅಮ್ಮನ ಮನೆಗೆ ಹೋಗಣ" ಎಂದು ತಾವೇ ಹತ್ತಿ ಕೂತರು. ಬೇಡವೆಂದೆ, ಕೇಳಲಿಲ್ಲ. ಮುನಿಯಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. ಬಾಬಾಜಾನ್ ಚಪ್ಪಲಿ ಬಿಟ್ಟು ಮುಂದೆ ಹೋಗಿ ನಿಂತರು.

"ಡಾಕ್ಟ್ರಮ್ಮ ತಡವಾಗಿ ಬಂದಿದ್ದು ಅವರ ತಪ್ಪಲ್ಲಮ್ಮ. ಗಾಡಿ ನೋಡಿದ್ದು ನಾನು. ಸರಿಯಾಗಿ ನೋಡಲಿಲ್ಲ."

ಮುನಿಯಮ್ಮ ಪೊರಕೆ ಹಿಡಿದೇ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏಂ ಸೇಸೇದಿ, ಏನ್ ಮಾಡೋದು ಬಿಡಪ್ಪ" ಎಂದರು ಆಮೇಲೆ, ತೆಲುಗು ಬೆರೆಸಿ ನಿಟ್ಟುಸಿರು ಬಿಡುವಂತೆ. "ಹಸು ಐತಲ್ಲ. ಹೆಣ್ಣುಗರು ಅದು, ಅದ್ಕೇ ಹೊಟ್ಟೆ ಉರೀತು. ಇಷ್ಟು ದೂರ ಇದನ್ನ ಹೇಳಕ್ಕೆ ಬಂದ್ಯಾ? ಕೂತ್ಕೋ, ಮಜ್ಜಿಗೆ ಕುಡಿ."

ಮುಂದೆ ಯಾವ ಗಾಡಿ ಬಂದರೂ ತಣ್ಣಗಿದ್ದಾಗ ಒಮ್ಮೆ ನೋಡಿ, ಏರು ಹತ್ತಿಸಿ ಕಾಯಿಸಿ ತಂದು ಇನ್ನೊಮ್ಮೆ ನೋಡುವುದು ಬಾಬಾಜಾನರ ಪದ್ಧತಿಯಾಯಿತು. ಎಣ್ಣೆಯ ಒತ್ತಡ ಅಳೆಯಲು ಮುಳ್ಳಿನ ಮೀಟರೊಂದನ್ನು ತಂದಿಟ್ಟುಕೊಂಡರು. ಗಿರಾಕಿಗಳು ಗೊಣಗುತ್ತಿದ್ದರು. ಅವರು ಜಗ್ಗಲಿಲ್ಲ.

ಮೂರು ವರ್ಷದ ನಂತರ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಅಲ್ಲಿ ಒಂದು ದಿನ ಎಣ್ಣೆ ಕಡ್ಡಿ ಎಳೆದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬಾಬಾಜಾನರಿಗೆ ಫೋನ್ ಮಾಡಿದೆ. "ಓಡಿಸಬೇಡಿ, ಬರ್ತೀನಿ" ಎಂದು ಮರುದಿನ ಬಸ್ಸು ಬದಲಾಯಿಸಿಕೊಂಡು ಬಂದೇಬಿಟ್ಟರು. ಮಧ್ಯಾಹ್ನದವರೆಗೆ ಬಿಚ್ಚಿ ನೋಡಿ ಕೈ ಒರೆಸಿಕೊಂಡರು.

"ಎಂಜಿನ್ ಬ್ಲಾಕೇ ಬಿರುಕು ಬಿಟ್ಟಿದೆ ಡಾಕ್ಟ್ರಮ್ಮ. ರೇಡಿಯೇಟರ್ ನೀರು ಎಣ್ಣೆಗೆ ಇಳೀತಿದೆ. ಈ ಎಂಜಿನ್ನಿಗೆ ನಾನು ಇನ್ನು ಕೈ ಹಾಕಲ್ಲ. ಮಾರಿಬಿಡಿ. ಮಾರುವಾಗ ಇದನ್ನ ಹೇಳಿ ಮಾರಿ."

ಊಟ ಮಾಡಿ, ಮೂರು ಗಂಟೆಯ ಬಸ್ಸಿಗೆ ಹೊರಟರು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಕೈ ಎತ್ತಿದರು. ಅದೇ ಕೊನೆ. ತಿಂಗಳೊಳಗೆ ಹೃದಯಾಘಾತದಿಂದ ತೀರಿಕೊಂಡರೆಂದು ಶೆಡ್ಡಿನ ಪಕ್ಕದ ಲೇತ್ ಅಂಗಡಿಯವರು ಫೋನ್ ಮಾಡಿ ತಿಳಿಸಿದರು. ಹೋಗಿ ಅವರ ಹೆಂಡತಿಯನ್ನು ಮಾತಾಡಿಸಿ ಬಂದೆ.

ಜೀಪು ನೋಡಲು ಬಂದ ಇಬ್ಬರು ಬಿರುಕಿನ ಮಾತು ಕೇಳಿ ಹೊರಟುಹೋದರು. ಮೂರನೆಯವರು ಜಂಗಮಕೋಟೆಯ ಕೃಷ್ಣಾರೆಡ್ಡಿ, ಹಿಪ್ಪುನೇರಳೆ ಬೆಳೆಯುವವರು. ಬೇರೆ ಎಂಜಿನ್ ಕೂರಿಸಿ ಸೊಪ್ಪು ಸಾಗಿಸುವುದು ಅವರ ಲೆಕ್ಕಾಚಾರ. ಟ್ರ್ಯಾಕ್ಟರ್ ತಂದು ಜೀಪಿಗೆ ಹಗ್ಗ ಕಟ್ಟುತ್ತಾ, "ಇಷ್ಟೆಲ್ಲಾ ಯಾರು ನೋಡಿ ಹೇಳಿದ್ದಮ್ಮ?" ಎಂದು ಕೇಳಿದರು.

"ಚಿಂತಾಮಣಿ ಬಾಬಾಜಾನ್."

"ಸಾಬ್ರು ನೋಡಿದ್ರಾ? ಹಂಗಾದ್ರೆ ಇನ್ನೊಬ್ರಿಗೆ ತೋರ್ಸೋದೇ ಬೇಡ. ಸೀದಾ ಅವರ ಶೆಡ್ಡಿಗೇ ಎಳ್ಕೊಂಡೋಗ್ತೀನಿ, ಎಂಜಿನ್ ಅವರೇ ಕೂರಿಸ್ಲಿ."

ಅವರಿಗೆ ತಿಳಿದಿರಲಿಲ್ಲ. ಹೇಳಿದೆ. ಗಂಟು ಅರ್ಧಕ್ಕೇ ಬಿಟ್ಟು ಬಂಪರಿನ ಮೇಲೆ ಕೂತರು.

"ಯಾವಾಗಮ್ಮ?"

"ಒಂದೂವರೆ ತಿಂಗಳಾಯ್ತು."

ಎದ್ದು ಗಂಟು ಬಿಗಿದರು. ಹಾಗಾದರೆ ಎಂಜಿನ್ನನ್ನು ಯಾರ ಕೈಲಿ ಕೂರಿಸಲಿ, ನೀವೇ ಒಬ್ಬರ ಹೆಸರು ಹೇಳಿ ಎಂದರು. ಯೋಚಿಸಿದೆ. "ತಣ್ಣಗಿದ್ದಾಗ ಒಮ್ಮೆ, ಕಾಯಿಸಿ ಇನ್ನೊಮ್ಮೆ ನೋಡೋರು ಯಾರಾದ್ರೂ ಸಿಕ್ಕರೆ ಅವರ ಕೈಲಿ ಕೂರಿಸಿ" ಎಂದೆ.